ದಿನ ಬಿಟ್ಟು ದಿನದ ಮನೆ

ನಮ್ಮೂರಲ್ಲಿ ಮುಂಜಾನೆ ಕಣ್ಣು ಬಿಟ್ಟವರು ಮೊದಲು ದೇವರನ್ನು ನೆನೆಯುವುದಿಲ್ಲ, ಇವತ್ತು ಯಾರ ದಿನ ಎಂದು ನೆನೆಯುತ್ತಾರೆ. ನಮ್ಮ ದಿನವಾದರೆ ಸರಿ, ಒಲೆ ಹಚ್ಚಿ ಚಹಾ ಕಾಸಬಹುದು. ಅವರ ದಿನವಾದರೆ ಹತ್ತಿ ಗಿರಣಿಯ ಮೊದಲ ಭೋಂಗಾ ಕೂಗುವಷ್ಟರಲ್ಲಿ ಹಾಸಿಗೆ ಸುತ್ತಿ, ಮಕ್ಕಳನ್ನು ಎಬ್ಬಿಸಿ, ಮೂಡಣ ಅಗಸೆ ಬಾಗಿಲು ದಾಟಿ ಬಯಲಿಗೆ ಹೋಗಬೇಕು. ಎರಡನೆಯ ಭೋಂಗಾ ಕೂಗಿದಾಗ ಪಡುವಣ ಅಗಸೆ ತೆರೆಯುತ್ತದೆ. ಆಗ ಅವರು ಒಳಗೆ ಬರುತ್ತಾರೆ. ಅದೇ ಓಣಿಗೆ, ಅದೇ ಅಂಗಡಿಗೆ, ಅದೇ ಮನೆಯ ಅದೇ ಒಲೆಯ ಮುಂದಕ್ಕೆ. ಒಂದು ಹಗಲು, ಒಂದು ರಾತ್ರಿ ಊರು ಅವರದು. ಮರುದಿನ ಮುಂಜಾನೆ ಅವರು ಹೊರಗೆ, ನಾವು ಒಳಗೆ.

ಯುದ್ಧ ನಿಂತಾಗ ದೊಡ್ಡವರು ಕೂತು ಮೊದಲು ನೆಲವನ್ನೇ ಹಂಚಲು ನೋಡಿದರಂತೆ. ಬಾವಿಯನ್ನು ಸೀಳುವುದು ಹೇಗೆ, ಸಂತೆಪೇಟೆಯ ಕಟ್ಟೆ ಯಾರಿಗೆ ಎಂದು ಮತ್ತೆ ಕೋಲು ಎತ್ತುವ ಹೊತ್ತಿಗೆ ಯಾರೋ ಒಬ್ಬ ಜಾಣ, ನೆಲ ಹಂಚಿದರೆ ಗಡಿ ಕಾಯಬೇಕು, ದಿನ ಹಂಚಿದರೆ ಸೂರ್ಯನೇ ಕಾಯುತ್ತಾನೆ ಎಂದನಂತೆ. ಎಲ್ಲರೂ ತಲೆದೂಗಿದರು. ಆ ಜಾಣ ನಮ್ಮೂರವನಲ್ಲ ಎನ್ನುವುದಂತೂ ಖರೆ. ನಮ್ಮೂರವನಾಗಿದ್ದರೆ ನಾಗರ ಪಂಚಮಿ ಅವರ ದಿನ ಬಿದ್ದರೆ ಏನು ಮಾಡಬೇಕು ಎಂದು ಕೇಳುತ್ತಿದ್ದ. ಈಗ ಹಾವಿಗೆ ಒಂದು ದಿನ ತಡವಾಗಿ ಹಾಲೆರೆಯುತ್ತೇವೆ. ಹಾವು ಇಲ್ಲಿಯವರೆಗೆ ತಕರಾರು ಮಾಡಿಲ್ಲ. ನಮ್ಮನೆಯ ಬೆಕ್ಕಿಗೆ ಎರಡು ಹೆಸರಿವೆ ಎಂದು ನನಗೆ ಅನುಮಾನ, ಒಂದು ದಿನ ನಾನು ಕರೆದರೆ ಬರುತ್ತದೆ, ಒಂದು ದಿನ ತಿರುಗಿಯೂ ನೋಡುವುದಿಲ್ಲ.

ಅವರಿಗೂ ನಮಗೂ ಏನು ಫರಕು ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಮಾತು ಒಂದೇ, ರೊಟ್ಟಿ ಒಂದೇ. ನಮ್ಮ ಹೆಣ್ಣುಮಕ್ಕಳು ಸೆರಗನ್ನು ಬಲಗಡೆ ಹೊದೆಯುತ್ತಾರೆ, ಅವರ ಹೆಣ್ಣುಮಕ್ಕಳು ಎಡಗಡೆ. ಇಷ್ಟಕ್ಕೆ ವರ್ಷಗಟ್ಟಲೆ ಹೆಣ ಬಿದ್ದವು ಎಂದರೆ ನಂಬುವವರಿಲ್ಲ. ಬಿದ್ದದ್ದಂತೂ ಹೌದು, ನಾನೇ ಕಂಡಿದ್ದೇನೆ.

ಒಪ್ಪಂದದ ಕಟ್ಟಳೆ ಚಿಕ್ಕದು. ಇನ್ನೊಬ್ಬರ ದಿನದಲ್ಲಿ ಮನೆಯೊಳಗೆ ಸಿಕ್ಕಿಬಿದ್ದರೆ ಆ ಮನೆಯಲ್ಲಿ ಸಿಕ್ಕವರ ಪಾಲು ಹೋಯಿತು, ಎರಡೂ ದಿನ ಇನ್ನೊಂದು ಮನೆತನಕ್ಕೆ. ಗೊತ್ತಿದ್ದೂ ಬಚ್ಚಿಟ್ಟುಕೊಂಡವರ ಪಾಲೂ ಹೋಗುತ್ತದೆ. ಕಾಯುವವರು ಹೊರಗಿನಿಂದ ಬಂದ ಬೂದು ಅಂಗಿಯ ಕಾವಲಿನವರು. ಯಾರು ಬಂದು ಹೇಳಿದರೆಂದು ಅವರು ಯಾರಿಗೂ ತಿಳಿಸುವುದಿಲ್ಲ. ಸರ್ಕಾರ ಬಿದ್ದಾಗಲೆಲ್ಲ ಹೊಸ ಸರ್ಕಾರದವರು ದಿನಗಳನ್ನು ಮತ್ತೆ ಮೊದಲಿನಿಂದ ಎಣಿಸುತ್ತಾರೆ, ಹಾಗಾಗಿ ಒಮ್ಮೊಮ್ಮೆ ಒಬ್ಬರಿಗೇ ಬೆನ್ನಿಂದ ಬೆನ್ನಿಗೆ ಎರಡು ದಿನ ಸಿಕ್ಕಿಬಿಡುತ್ತದೆ. ಸರ್ಕಾರ ಬಿದ್ದ ಸುದ್ದಿ ಬಂದರೆ ನಮ್ಮ ಜನ ಯಾಕೆ ಬಿತ್ತು ಎಂದು ಕೇಳುವುದಿಲ್ಲ, ನಾಳೆ ಯಾರ ದಿನ ಎಂದು ಕೇಳುತ್ತಾರೆ.

ನಾನು ಹೇಳಹೊರಟದ್ದು ನೀಲವ್ವನ ಕಥೆ. ಅವಳದು ನಮ್ಮ ಎದುರು ಮನೆ. ಅವಳ ಗಂಡ ದ್ಯಾಮಣ್ಣ, ಅತ್ತೆ ಬಂಗಾರೆವ್ವ, ಮದುವೆಗೆ ಬಂದ ಮಗ ಒಬ್ಬ. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಮ್ಮ ಬದುಕಿನ ಅರ್ಧ ಬಯಲಿನ ತಗಡಿನ ಶೆಡ್ಡುಗಳಲ್ಲಿ ಕಳೆಯುತ್ತದೆ. ಗೋಡೆಯೇ ಇಲ್ಲದ ಕಡೆ ಗುಟ್ಟು ಎಲ್ಲಿ ನಿಲ್ಲಬೇಕು. ಅವರ ಮೊದಲಿನ ಮನೆ ಯುದ್ಧದಲ್ಲಿ ಸುಟ್ಟುಹೋಯಿತು. ಈ ಎದುರು ಮನೆ ಕಟ್ಟಿಸಿದವರು ಓಡಿಹೋಗಿದ್ದಾಗ ಇವರು ಬಂದು ಸೇರಿಕೊಂಡರು. ಒಪ್ಪಂದವಾದ ಮೇಲೆ ಅವರು ತಿರುಗಿ ಬಂದರು. ಹೀಗೆ ಮನೆ ಕಟ್ಟಿಸಿದವರೂ ಸೇರಿಕೊಂಡವರೂ ದಿನ ಬಿಟ್ಟು ದಿನ ಅದರಲ್ಲೇ ಇರುವುದಾಯಿತು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಮೊದಮೊದಲು ಎರಡೂ ಮನೆತನಗಳು ಮುಖ ಕಾಣದೆಯೇ ಜಗಳವಾಡಿದವು. ಅವರು ಹೋಗುವಾಗ ಒಲೆಗೆ ನೀರು ಸುರಿದು ಹೋಗುತ್ತಿದ್ದರು. ನೀಲವ್ವ ಅವರು ಚಟ್ನಿ ಅರೆಯಬಾರದೆಂದು ಒಳಕಲ್ಲಿನ ಗುಂಡನ್ನೇ ಕಂಕುಳಲ್ಲಿ ಎತ್ತಿಕೊಂಡು ಬಯಲಿಗೆ ಬರುತ್ತಿದ್ದಳು. ಕೂಸಿಲ್ಲದಾಕಿ ಗುಂಡು ಆಡಿಸುವ ಹಾಗೆ ಕಾಣುತ್ತಿತ್ತು, ನಾವು ನಕ್ಕು ನಕ್ಕು ಸಾಕಾಗುತ್ತಿದ್ದೆವು. ಒಂದು ಸಲ ಅವರ ದಿನ ಜೋರು ಮಳೆ ಬಂತು. ನೀಲವ್ವ ಹಿತ್ತಲಲ್ಲಿ ಒಣಹಾಕಿದ ಕುಳ್ಳೆಲ್ಲ ಕರಗಿ ಸಗಣಿಯಾಯಿತೆಂದು ಬಯಲಲ್ಲಿ ಕೂತು ಶಾಪ ಹಾಕಿದಳು. ಮರುದಿನ ಬಂದು ನೋಡಿದರೆ ಕುಳ್ಳೆಲ್ಲ ಪಡಸಾಲೆಯ ಮೂಲೆಯಲ್ಲಿ ಒಟ್ಟಿತ್ತು, ಮೇಲೆ ಗೋಣಿ ಹೊದಿಸಿತ್ತು. ಅಂದಿನಿಂದ ಅವಳು ಗುಂಡು ಹೊರುವುದನ್ನು ಬಿಟ್ಟಳು.

ಆಮೇಲೆ ಬಂಗಾರೆವ್ವ ಬಚ್ಚಲಲ್ಲಿ ಜಾರಿ ತೊಡೆ ಮುರಿದುಕೊಂಡಳು. ಮೊದಲ ಸಲ ಅವರ ದಿನ ಬಂದಾಗ ನಾಲ್ಕು ಜನ ಹೊರಸಿನ ಸಮೇತ ಹೊತ್ತು ಬಯಲಿಗೆ ತಂದರು. ದಾರಿಯುದ್ದಕ್ಕೂ ಮುದುಕಿ ಚೀರಿದ್ದು ಕೇಳಿ ಕಾವಲಿನವರೇ ಮುಖ ತಿರುಗಿಸಿದರು. ಮುಂದಿನ ಸಲ ಭೋಂಗಾ ಕೂಗಿದಾಗ ಅವಳು ಹೊರಸಿನ ಕಾಲನ್ನು ಬಿಗಿಯಾಗಿ ಹಿಡಿದು, "ನನ್ನನ್ನ ಇಲ್ಲೇ ಬಿಡ್ರಿ. ಅವರು ಕೊಂದ್ರ ಕೊಲ್ಲಲಿ," ಎಂದಳು. ಬಿಟ್ಟು ಬಂದರು. ದ್ಯಾಮಣ್ಣ ಅವತ್ತು ಇಡೀ ದಿನ ಊರಿನ ಕಡೆ ಮುಖ ಮಾಡಿ ಕೂತಿದ್ದ. ಅವ್ವನೂ ಹೋದಳು, ಮನೆಯೂ ಹೋಯಿತು ಎಂದು ನಾವೆಲ್ಲ ಮಾತಾಡಿಕೊಂಡೆವು.

ಮರುದಿನ ಹೋಗಿ ನೋಡಿದರೆ ಮುದುಕಿಯ ಮೈ ಒರೆಸಿತ್ತು, ತಲೆ ಬಾಚಿತ್ತು, ಹಾಸಿಗೆ ಬದಲಾಗಿತ್ತು. "ಒಂದು ಹುಡುಗಿ ಉಣಿಸಿದ್ಲು. ಉಪ್ಪು ಕಡಿಮಿ ಆಗಿತ್ತು," ಎಂದಳು ಬಂಗಾರೆವ್ವ. ಅವರು ಕಾವಲಿನವರಿಗೆ ಹೇಳಿರಲಿಲ್ಲ. ಹೇಳಿದ್ದರೆ ತಮ್ಮ ಮನೆ ತಮಗೆ ಪೂರ್ತಿ ಸಿಗುತ್ತಿತ್ತು. ಹೇಳದೆ ಇಟ್ಟುಕೊಂಡದ್ದು ಗೊತ್ತಾಗಿದ್ದರೆ ಇದ್ದ ಅರ್ಧವೂ ಹೋಗುತ್ತಿತ್ತು. ಮಳೆಗಾಲ ಮುಗಿದು ಚಳಿ ಬೀಳುವ ತನಕ ಹೀಗೆಯೇ ನಡೆಯಿತು. ಒಂದು ದಿನ ಸೊಸೆ ಮಾಡುವಳು, ಒಂದು ದಿನ ಮುಖ ಕಾಣದ ಹುಡುಗಿ ಮಾಡುವಳು. ಮುದುಕಿ ಸತ್ತದ್ದು ಅವರ ದಿನದಲ್ಲಿ. ನೀಲವ್ವ ಮುಂಜಾನೆ ಬಂದಾಗ ತಲೆದೆಸೆಗೆ ದೀಪ ಉರಿಯುತ್ತಿತ್ತು, ಕಾಲ ಹೆಬ್ಬೆರಳು ಕಟ್ಟಿತ್ತು. ಹೊದಿಸಿದ ಸೀರೆ ಅವರ ಮನೆಯ ಹೊಸ ಸೀರೆ.

ಇಂಥ ಉಪಕಾರವನ್ನು ಕೆಲವರು ತಲೆಯ ಮೇಲೆ ಹೊತ್ತು ತಿರುಗುತ್ತಾರೆ. ದ್ಯಾಮಣ್ಣನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಬಯಲಲ್ಲಿ ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಹೆತ್ತ ತಾಯಿಯ ಮೈಯನ್ನು ಶತ್ರುವಿನ ಮಗಳು ತೊಳೆದಳು ಎಂಬುದನ್ನು ಅವನು ನುಂಗಲಾರ, ಉಗುಳಲಾರ. ನೀಲವ್ವ ಮಾತ್ರ ಹೋಗುವಾಗ ಒಮ್ಮೊಮ್ಮೆ ಒಲೆಯ ಮೇಲೆ ಪುಂಡಿಪಲ್ಲೆ ಮುಚ್ಚಿಟ್ಟು ಬರುತ್ತಿದ್ದಳು. ಮರುದಿನ ಬಂದರೆ ಪಾತ್ರೆ ತೊಳೆದು ಬೋರಲು ಹಾಕಿರುತ್ತಿತ್ತು.

ಅಷ್ಟರಲ್ಲಿ ಮತ್ತೆ ಸರ್ಕಾರ ಬಿತ್ತು. ಹೊಸದಾಗಿ ಬಂದವರು, ದಿನ ಹಂಚಿ ಬಾಳುವುದು ಕಾಯಂ ಆಗಿ ನಡೆಯುವ ಮಾತಲ್ಲ, ಒಂದೇ ಮನೆತನ ಇರುವ ಮನೆಗಳ ಬಾಗಿಲಿಗೆ ತಾಮ್ರದ ಬಿಲ್ಲೆ ಬಡಿಯುತ್ತೇವೆ, ಬಿಲ್ಲೆ ಇದ್ದವರಿಗೆ ಮನೆ ಮಕ್ಕಳ ಕಾಲಕ್ಕೂ ಗಟ್ಟಿ ಎಂದು ಡಂಗುರ ಸಾರಿಸಿದರು. ನಮ್ಮ ದಿನ ನಮಗೆ ಸಾರಿದರು, ಅವರ ದಿನ ಅವರಿಗೂ ಸಾರಿರಬೇಕು. ಬಯಲಲ್ಲಿ ಜನರ ಕಣ್ಣೇ ಬದಲಾಯಿತು. ಎಲ್ಲರೂ ಮನೆಗೆ ಹೋದಕೂಡಲೇ ಅಟ್ಟ, ಕಣಜ, ಹಿತ್ತಲು ಹುಡುಕತೊಡಗಿದರು, ಅವರಲ್ಲಿ ಯಾರಾದರೂ ಉಳಿದಿದ್ದಾರೋ ಎಂದು. ಸುಳ್ಳು ಯಾಕೆ ಹೇಳಲಿ, ನಾನೂ ನಮ್ಮ ಕಣಜದಲ್ಲಿ ಬಗ್ಗಿ ನೋಡಿದೆ. ದ್ಯಾಮಣ್ಣನಿಗಂತೂ ಮಗನ ಚಿಂತೆ. ದಿನ ಬಿಟ್ಟು ದಿನದ ಮನೆಗೆ ಹೆಣ್ಣು ಕೊಡಲು ಆಗಲೇ ಎರಡು ಮನೆಯವರು ಒಲ್ಲೆ ಎಂದಿದ್ದರು.

ಹೀಗಿರುವಾಗ ಒಂದು ಮುಂಜಾನೆ ನೀಲವ್ವ ಬಾಗಿಲು ತೆಗೆದು ಒಳಗೆ ಹೋದರೆ ಒಳಕೋಣೆಯಲ್ಲಿ ಕೌದಿಯ ಮೇಲೆ ಒಬ್ಬ ಹುಡುಗಿ ಮಲಗಿದ್ದಳು. ಪಕ್ಕದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು. ಕೂಸಿನ ಮೈ ಇನ್ನೂ ಕೆಂಪಗಿತ್ತು. ಹುಡುಗಿ ಎದ್ದು ಕೂರಲು ನೋಡಿದಳು, ಆಗಲಿಲ್ಲ.

"ಮಲಕೋ, ಮಲಕೋ. ಯಾರವಾ ನೀ?" ಎಂದಳು ನೀಲವ್ವ.

"ಈ ಮನಿ ಕಾಶವ್ವನ ಮಗಳ್ರಿ, ಮಾಳವ್ವ. ನಸುಕಿನ್ಯಾಗ ಹಡೆದೆ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತ್ರಿ. ಅವ್ವ ತಾನೂ ಇರ್ತೀನಂದ್ಲು, ನಾನ ಕಳಿಸಿದೆ. ಇಬ್ಬರಿದ್ರ ಗೊತ್ತಾಗತೈತಿ, ನಾ ಒಬ್ಬಾಕಿ ಇದ್ರ ಆ ಅಕ್ಕಾರು ನೋಡ್ಕೋತಾರ ಅಂದೆ."

"ನಮ್ಮತ್ತೀನ್ನ ನೋಡ್ಕೊಂಡಾಕಿ ನೀನ ಏನು?"

"ಹೂನ್ರಿ. ಅಜ್ಜಿ ಭಾಳ ಬೈತಿದ್ಲು. ಆದ್ರ ನನ್ನ ಕೈಯಾಗ ಅಷ್ಟ ಉಣ್ಣತಿದ್ಲು." ಹುಡುಗಿ ನಕ್ಕಳು. ನೀಲವ್ವನಿಗೂ ನಗು ಬಂತು. ಅತ್ತೆ ಸತ್ತ ಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು ಎಂದು ನನಗೆ ಹೇಳಿದಳು.

ಅವಳು ಸುಮ್ಮನೆ ನಿಲ್ಲಲಿಲ್ಲ. ನೀರು ಕಾಸಿದಳು, ಹುಡುಗಿಯ ಕಾಲಿಗೆ ಶಾಖ ಕೊಟ್ಟಳು, ಕೂಸಿನ ನೆತ್ತಿಗೆ ಎಣ್ಣೆ ಹಚ್ಚಿದಳು, ಗಂಜಿಗೆ ಇಟ್ಟಳು. ದ್ಯಾಮಣ್ಣ ಒಳಕೋಣೆಯ ಬಾಗಿಲಿಗೆ ಬಂದು ಒಮ್ಮೆ ಇಣುಕಿದ. ಆಮೇಲೆ ಒಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಇದು ಒಂದ ಸಲ ಸಿಗೂದು," ಎಂದ.

"ಹಸಿ ಬಾಣಂತಿ ಅದಾಳ್ರಿ."

"ನನಗ ಕಣ್ಣಿಲ್ಲೇನು? ನಮ್ಮವ್ವ ಅವರ ದಿನದಾಗ ಸತ್ತಳು. ನಾನೂ ಅವರ ದಿನದಾಗ ಸಾಯಬೇಕೇನು? ನನ್ನ ಮಗಾನೂ ಸಾಯಬೇಕೇನು?"

ನೀಲವ್ವ ಗಂಜಿಯ ಸೌಟು ಕೈಗೆ ತೆಗೆದುಕೊಂಡಳು. ಅವನು ಎದ್ದು ತಲೆಗೆ ಪಟಗಾ ಸುತ್ತಿಕೊಂಡ. "ಬರ್ತೀನಿ," ಎಂದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಯಾಕೆಂದರೆ ಗೊತ್ತಿತ್ತು. ಬ್ಯಾಡ ಎಂಬ ಒಂದು ಮಾತು ಸಾಕಿತ್ತು. ಅವನು ಕೇಳುತ್ತಿದ್ದನೋ ಇಲ್ಲವೋ, ಆ ಮಾತು ಬೇರೆ. ಬಾಗಿಲಿಗೆ ಬಡಿದ ಬಿಲ್ಲೆ, ಮನೆ ತುಂಬುವ ಸೊಸೆ, ಇನ್ನು ಮೇಲೆ ಹಾಸಿಗೆ ಸುತ್ತದೆ ಏಳಬಹುದಾದ ಮುಂಜಾನೆ, ಎಲ್ಲ ಅವಳ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಅವನು ಹೊಸ್ತಿಲು ದಾಟಿ ಹೋಗಿದ್ದ. "ಗಂಜಿ ತಳ ಹತ್ತತೈತಿ ಅಂತ ತಿರುವಿಕೋತ ಕುಂತೆ ಅಕ್ಕಾ," ಎಂದಳು ನನ್ನ ಹತ್ತಿರ. ತಿರುವಿದ್ದನ್ನು ಬಟ್ಟಲಿಗೆ ಹಾಕಿ, ಆರಿಸಿ, ಆ ಹುಡುಗಿಗೆ ತನ್ನ ಕೈಯಾರೆ ಕುಡಿಸಿದಳು. ಹುಡುಗಿ ಕುಡಿದು ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಕಾವಲಿನವರು ಇಬ್ಬರು ಬಂದರು. ಅವರ ಹಿಂದೆ ಸ್ವಲ್ಪ ದೂರದಲ್ಲಿ, ದಾರಿಯಲ್ಲಿ ಈಗ ತಾನೇ ಸಿಕ್ಕವನ ಹಾಗೆ, ದ್ಯಾಮಣ್ಣ. ಬೂಟಿನ ಸದ್ದು ಕೇಳಿದ ಕೂಡಲೇ ಹುಡುಗಿ ಗಂಜಿಯ ಬಟ್ಟಲನ್ನು ಕೌದಿಯ ಕೆಳಗೆ ಸರಿಸಿದಳು. ಹಿರಿಯ ಕಾವಲಿನವನಿಗೆ ನಮ್ಮ ಮಾತು ಅಷ್ಟಕ್ಕಷ್ಟೆ. "ಈ ಮನೆಯವರು ಇಟ್ಟುಕೊಂಡದ್ದು? ಊಟ ಕೊಟ್ಟದ್ದು?" ಎಂದು ಕೇಳಿದ.

ಹುಡುಗಿ ನೀಲವ್ವನ ಕಡೆ ನೋಡಲೇ ಇಲ್ಲ. "ಇಲ್ರಿ. ಇವರಿಗೆ ಗೊತ್ತ ಇಲ್ಲ. ನಾ ಅಟ್ಟದ ಮ್ಯಾಲ ಅಡಗಿದ್ದೆ, ಈಗ ಇಳಿದೆ," ಎಂದಳು.

ಆಗಷ್ಟೇ ಹಡೆದವಳು, ತುಟಿಯ ಮೇಲೆ ಗಂಜಿಯ ತಿಳಿ ಇನ್ನೂ ಆರಿಲ್ಲ, ಅಟ್ಟ ಹತ್ತಿದ್ದೆ ಎನ್ನುತ್ತಾಳೆ. ತನ್ನ ಮೇಲೆ ಹೋಗಿ ಹೇಳಿದವರ ಮನೆಯನ್ನೇ ಉಳಿಸಲಿಕ್ಕೆ ಆ ಸುಳ್ಳು. ಕಾವಲಿನವನು ದ್ಯಾಮಣ್ಣನ ಮುಖ ನೋಡಿದ. ಪರದೇಶದವನಾದರೂ ಮನುಷ್ಯನೇ, ನೋಡುವಷ್ಟು ನೋಡಿ ಸುಮ್ಮನಾದ. ದ್ಯಾಮಣ್ಣ ನೆಲ ನೋಡುತ್ತಿದ್ದ. ನೀಲವ್ವ ಗೋಡೆಗೆ ಒರಗಿ ನಿಂತಳು. ಆಗಲಾದರೂ ಬಾಯಿ ಬಿಡಬಹುದಿತ್ತು, ಹೌದು ನಾನೇ ಉಣಿಸಿದೆ ಎನ್ನಬಹುದಿತ್ತು. ಎನ್ನಲಿಲ್ಲ.

ಹುಡುಗಿ ಕೂಸನ್ನು ಎದೆಗವಚಿಕೊಂಡು ಓಣಿಯ ಗೋಡೆ ಹಿಡಿದು ನಡೆದಳು. ಅದು ನಮ್ಮ ದಿನ, ಓಣಿಯ ತುಂಬ ನಾವೇ. ಎಲ್ಲರೂ ಬಾಗಿಲಿಗೆ ಬಂದು ನಿಂತೆವು. ಒಬ್ಬರೂ ಬೈಯಲಿಲ್ಲ, ಒಬ್ಬರೂ ಹೋಗಿ ಅವಳ ತೋಳು ಹಿಡಿಯಲಿಲ್ಲ. ನಾನು ಐದು ಹೆತ್ತವಳು, ಹಡೆದ ದಿನ ನಡೆಯುವುದೆಂದರೇನು ಎಂದು ನನಗೆ ಗೊತ್ತು. ನಾನೂ ನಿಂತೇ ಇದ್ದೆ. ನೀಲವ್ವ ಒಬ್ಬಳು ಕೌದಿ ಹಿಡಿದು ಹಿಂದೆ ಓಡಿಬಂದಳು. ಹುಡುಗಿ ಕೌದಿ ತೆಗೆದುಕೊಂಡು ಸಣ್ಣ ದನಿಯಲ್ಲಿ, "ಒಳಗ ಹೋಗ್ರಿ ಅಕ್ಕಾರ. ನಿಮ್ಮ ಮ್ಯಾಲ ಬರತೈತಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಹೇಳಿದವರು ಯಾರು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತಾಯಿತು. ಕೆಲವರು ದ್ಯಾಮಣ್ಣನ ಬೆನ್ನು ತಟ್ಟಿದರು, ಗಟ್ಟಿಗ ಎಂದರು. ಉಂಡ ಮನೆಗೆ ಎರಡು ಬಗೆದ ಎಂದು ಆಡಿಕೊಂಡವರೂ ಇದ್ದರು, ಆದರೆ ಅವರು ಅವನ ಬೆನ್ನ ಹಿಂದೆ ಆಡಿಕೊಂಡರು. ಅವನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಿಲ್ಲೆ ಬಡಿಯುವವರು ನಮ್ಮ ಓಣಿಗೆ ಬರುವ ಮೊದಲೇ ಆ ಸರ್ಕಾರವೂ ಬಿತ್ತು. ಮುಂದೆ ಬಂದವರು ಬಿಲ್ಲೆಯ ಮಾತೇ ಎತ್ತಲಿಲ್ಲ. ಹಳೆಯ ಒಪ್ಪಂದವೇ ನಡೆಯಲಿ ಎಂದರು. ಹೋದ ಪಾಲು ಮಾತ್ರ ಹೋದದ್ದೇ.

ಈಗ ನೀಲವ್ವನ ಮನೆಗೆ ಎರಡೂ ದಿನ. ಅವರ ದಿನ ಭೋಂಗಾ ಕೂಗಿದಾಗ ನಾವೆಲ್ಲ ಬಯಲಿಗೆ ಹೋಗುತ್ತೇವೆ, ಅವಳ ಮನೆಯವರು ಒಳಗೇ ಉಳಿಯುತ್ತಾರೆ. ಉಳಿಯಬಹುದು, ಅಂಗಳ ದಾಟುವಂತಿಲ್ಲ. ಓಣಿಯ ತುಂಬ ಎಡಗಡೆ ಸೆರಗಿನವರು ಓಡಾಡುವಾಗ ಇವರು ಬಾಗಿಲು ಓರೆ ಮಾಡಿಕೊಂಡು ಕೂರುತ್ತಾರೆ. ನಮ್ಮ ಮನೆಯಲ್ಲಿ ಅವರ ದಿನ ಇರುವ ಮುದುಕ ಗೊರಕೆ ಹೊಡೆಯುತ್ತಾನಂತೆ, ಎದುರಿಗೆ ಕೇಳಿಸುತ್ತದೆ ಎಂದು ನೀಲವ್ವ ಹೇಳಿದಳು. ನನಗೆ ಗೊತ್ತಿರಲಿಲ್ಲ.

ಅಂಥ ಒಂದು ದಿನ ಒಬ್ಬ ಹೆಂಗಸು ಬಂದು ನೀಲವ್ವನ ಅಂಗಳದಲ್ಲಿ ನಿಂತಳು. ದ್ಯಾಮಣ್ಣ ಹಿತ್ತಲಲ್ಲಿದ್ದ. "ನಾ ಕಾಶವ್ವ," ಎಂದಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾಶವ್ವ ಕರೆದರೂ ಒಳಗೆ ಬರಲಿಲ್ಲ. ತನ್ನ ಗಂಡ ಕಟ್ಟಿಸಿದ ಮನೆಯ ಹೊಸ್ತಿಲ ಹೊರಗೆ ಬೀಗರ ಮನೆಗೆ ಬಂದವಳ ಹಾಗೆ ಮುದುರಿ ಕೂತಳು. ನೀಲವ್ವ ನೀರು, ಬೆಲ್ಲ ತಂದುಕೊಟ್ಟಳು.

"ಮಗಳು ಎಲ್ಲಾ ಹೇಳಿದ್ಲ್ರಿ. ನೀರು ಕಾಸಿ ಕೊಟ್ರಂತ, ಗಂಜಿ ಕುಡಿಸಿದ್ರಂತ. ಹಡೆದ ಅವ್ವ ನಾ ಇದ್ದಿದ್ರೂ ಅಷ್ಟ ಮಾಡತಿದ್ದೆ. ನಿಮ್ಮ ಮುಖಾ ನೋಡೂನಂತ ಬಂದೆ." ಅವಳು ನೀರು ಕುಡಿದಳು. "ನಿಮ್ಮ ಬಾಜೂಕ ಯಾರೋ ಹೊಟ್ಟಿಕಿಚ್ಚಿನವರು ಅದಾರ್ರಿ. ಅವರ ಹೋಗಿ ಹೇಳ್ಯಾರ. ನೀವು ಹುಷಾರಿರ್ರಿ."

ನೀಲವ್ವ ಸೆರಗನ್ನು ಬಾಯಿಗೆ ಹಿಡಿದಳು. ಹೂಂ ಎಂದಳು.

"ಒಂದು ಮಾತು ಕೇಳಲ್ರಿ? ಶೆಡ್ಡಿನ್ಯಾಗ ಗಾಳಿ ಭಾಳ. ಕೂಸಿಗೆ ಎದಿ ಕಟ್ಟೈತಿ. ಈಗಂತೂ ಮನಿ ಎರಡೂ ದಿನ ನಿಮ್ಮದ. ಕೂಸು ಚೇತರಿಸಿಕೊಳ್ಳೂ ತನಕ ಅವರಿಬ್ಬರನ್ನ ನಿಮ್ಮ ಹಂತ್ಯಾಕ ಬಿಡ್ಲೇನು? ಗುಟ್ಟಿನ್ಯಾಗ. ಈ ಊರಾಗ ಇನ್ನ್ಯಾರನ್ನೂ ನಂಬೂ ಹಂಗಿಲ್ಲ."

ಹಿತ್ತಲಲ್ಲಿ ದ್ಯಾಮಣ್ಣ ಕಟ್ಟಿಗೆ ಒಡೆಯುವ ಸದ್ದು ನಿಂತಿತು. ಅವನು ಕೇಳಿಸಿಕೊಂಡನೋ, ದಣಿವಾರಿಸಿಕೊಳ್ಳುತ್ತಿದ್ದನೋ. ಹೂಂ ಎಂದರೆ ಹುಡುಗಿ ಮತ್ತೆ ಅದೇ ಒಳಕೋಣೆಗೆ ಬಂದು ಮಲಗುತ್ತಾಳೆ, ಅವನು ಮತ್ತೆ ಪಟಗಾ ಸುತ್ತುವುದಿಲ್ಲವೆಂದು ಹೇಳುವವರಾರು. ಊಹೂಂ ಎಂದರೆ ಕೂಸು ಗಾಳಿಗೆ ಸಾಯುತ್ತದೆ, ಇವಳು ಕಲ್ಲುಮನಸ್ಸಿನವಳು ಎಂದಷ್ಟೇ ಆಗುತ್ತದೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ನೀಲವ್ವನಿಗೆ ದಾರಿ ಉಳಿಯಲಿಲ್ಲ.

"ಇಲ್ಲಿ ಬಿಡಬ್ಯಾಡ್ರಿ," ಎಂದಳು. "ಹೇಳಿದವರು ಬಾಜೂಕಿನವರಲ್ಲ. ನಮ್ಮ ಮನಿಯವರು."

ಕಾಶವ್ವ ಬೆಲ್ಲದ ಚೂರನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. "ನೀವು?" ಎಂದಳು.

"ಅವರು ಹೊಂಟಾಗ ನಾ ಒಲಿ ಮುಂದ ಇದ್ದೆ. ಗೊತ್ತಿತ್ತು. ತಡೀಲಿಲ್ಲ."

ಕಾಶವ್ವ ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನೀಲವ್ವ ಕಾದಳು. ಬೈದಿದ್ದರೆ ಬದುಕುತ್ತಿದ್ದೆ ಅಕ್ಕಾ ಎಂದಳು ನನ್ನ ಹತ್ತಿರ. ಕಾಶವ್ವ ಬೆಲ್ಲವನ್ನು ಹೊಸ್ತಿಲ ಮೇಲೆ ಇಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ನಾ ಮಗಳಿಗೆ ಹೇಳೂದಿಲ್ಲ," ಎಂದಳು. "ನೀವೂ ಹೇಳಬ್ಯಾಡ್ರಿ. ಅಕಿ ಗಂಡ ಯುದ್ಧದಾಗಿನ ಹಳೇ ಗಾಯದಾಗ ಈ ವರ್ಷ ಹೋದ, ಮನಿ ಹೋತು. ಇಷ್ಟು ಮಂದ್ಯಾಗ ಅಕಿ ನಂಬಿಕೊಂಡಿದ್ದು ನಿಮ್ಮೊಬ್ಬರನ್ನ. ಅದೂ ಹೋದ್ರ ಅಕಿ ಯಾತರ ಮ್ಯಾಲ ಬದುಕಬೇಕು?"

ಕೂಸು ಹೇಗೋ ಉಳಿಯಿತು. ಅವರ ದಿನದಲ್ಲಿ ಮಾಳವ್ವ ನೀರಿಗೆ ಹೋಗುವಾಗ ಅದನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಓಣಿಯಿಂದಲೇ ಹೋಗುತ್ತಾಳಂತೆ, ಬಾವಿಗೆ ಹತ್ತಿರದ ದಾರಿ ಬೇರೆ ಇದ್ದರೂ. ನೀಲವ್ವನ ಅಂಗಳದ ಮುಂದೆ ನಿಲ್ಲುತ್ತಾಳೆ. ನೋಡಲ್ಲಿ, ನಿನ್ನನ್ನ ಉಳಿಸಿದ ಅಕ್ಕಾರು, ಎಂದು ಕೂಸಿನ ಸಣ್ಣ ಕೈ ಹಿಡಿದು ಇವಳ ಕಡೆ ಆಡಿಸುತ್ತಾಳೆ. ನೀಲವ್ವ ಬಾಗಿಲ ಹಿಂದೆ ಅಡಗಿದರೆ ಹುಡುಗಿ ಕೊಡ ಇಳಿಸಿ ಕಾಯುತ್ತಾಳೆ. ಕೊನೆಗೆ ನೀಲವ್ವ ಹೊರಗೆ ಬಂದು, ತಾನೂ ಕೈ ಎತ್ತಿ ಆಡಿಸಿ, ನಗುತ್ತಾಳೆ.